ಸಹಿ ಬೇಕು, ಸಿಹಿ ಬೇಡ

ಬೇಕರಿಯವನ ಹೆಂಡತಿಯೇ ಬೇಕರಿಯ ತಿಂಡಿಯನ್ನು ಮುಟ್ಟದೆ ವಾಪಸ್ ತಂದರೆ ಅವನು ಯಾರ ಮುಂದೆ ತಲೆಯೆತ್ತಿ ನಿಲ್ಲಬೇಕು? ಬನ್ನಣ್ಣನ ಅಳಲು ಇಷ್ಟೇ.

ಅಜ್ಜನ ಕಾಲದಿಂದ ಬನ್ನು ಬೇಯಿಸುವ ಮನೆತನವಾದ್ದರಿಂದ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. (ಹಳೆಯ ನಿಘಂಟುಗಳಲ್ಲಿ ‘ಬನ್ನ’ ಎಂದರೆ ಸಂಕಟ ಎಂಬ ಅರ್ಥವಿದೆಯೆಂದು ಗಿರಾಕಿಯೊಬ್ಬರು ಹೇಳಿದ ದಿನದಿಂದ ಆತ ಆ ಗಿರಾಕಿಗೆ ಸುಟ್ಟ ಬ್ರೆಡ್ಡನ್ನೇ ಕೊಡುತ್ತಿದ್ದ.) ಆ ಭಾನುವಾರ ಬೇಕರಿಯ ಹಿಂದಿನ ಅಡುಗೆಮನೆಗೆ ಹೆಂಡತಿ ಬಂದು, ಜೇಬಿನಿಂದ ಮೂರು ಬನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

“ಯಾಕೆ, ಹಳಸಿತ್ತಾ?”

“ಇಲ್ಲ. ಸಿಹಿ ಜಾಸ್ತಿ.”

“ಸಿಹಿ ಜಾಸ್ತಿ ಆಗಿದ್ದಕ್ಕೇ ನಮ್ಮ ಮನೆ ನಡೀತಿದೆ.”

“ಮನೆ ನಡೆಯತ್ತೆ ರೀ, ಸೈಕಲ್ ನಡೆಯಲ್ಲ,” ಎಂದು ಆಕೆ ಹಿತ್ತಿಲಿಗೆ ಹೋಗಿ ಸೈಕಲ್ ತೊಳೆಯಲು ಕೂತಳು. ಒಂದು ಗಂಟೆ ತೊಳೆದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಬನ್ನಣ್ಣ ಕಲಿತಿದ್ದ ಒಂದೇ ವಿದ್ಯೆಯೆಂದರೆ, ಹೆಂಡತಿ ಯಾವುದನ್ನಾದರೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆಯುತ್ತಿದ್ದರೆ ಏನೋ ಆಗಿದೆ ಎಂದು ಅರಿಯುವುದು.

ಆಗಿದ್ದು ಹೀಗೆ. ಆಕೆ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಮೇಜಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಿಡಿದಿದ್ದರಿಂದ ಎರಡು ವರ್ಷದ ಹಿಂದೆ, ನಲವತ್ತಾರನೆಯ ವಯಸ್ಸಿನಲ್ಲಿ ಸೈಕಲ್ ಹತ್ತಿದಳು. ಬೆನ್ನು ಸರಿಹೋಯಿತು, ಸೈಕಲ್ ಇಳಿಯಲಿಲ್ಲ. ಈಗ ಅವಳ ಕಣ್ಣು ಸೈಕಲ್ ಸಂಘದ ಇನ್ನೂರು ಕಿಲೋಮೀಟರಿನ ಸವಾರಿಯ ಮೇಲಿತ್ತು. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ದಾರಿಯಲ್ಲಿ ನಾಲ್ಕು ಕಡೆ ಕಾರ್ಡಿಗೆ ಸಹಿ ಹಾಕಿಸಿಕೊಳ್ಳಬೇಕು. ಆ ಭಾನುವಾರ ನೂರೈವತ್ತನೆಯ ಕಿಲೋಮೀಟರಿನಲ್ಲಿ ಕಾಲಿನ ಬಲವೆಲ್ಲ ಸೋರಿಹೋಗಿ, ತರಕಾರಿ ವ್ಯಾನಿನಲ್ಲಿ ಹೂಕೋಸಿನ ಜೊತೆ ಕೂತು ಮನೆಗೆ ಬಂದಿದ್ದಳು. ಸವಾರರು ಹೀರುವ ಪೊಟ್ಟಣದ ಪಾಕವೂ ಸಿಹಿ, ಗಂಡನ ಬನ್ನೂ ಸಿಹಿ. ನಾಲ್ಕನೆಯ ಗಂಟೆಯ ಹೊತ್ತಿಗೆ ನಾಲಿಗೆ ಅಂಟಿಕೊಂಡು, ಸಿಹಿ ನೆನೆದರೇ ಹೊಟ್ಟೆ ತೊಳಸುತ್ತಿತ್ತು. ತಿನ್ನದಿದ್ದರೆ ಕಾಲು ಓಡದು, ತಿಂದರೆ ಹೊಟ್ಟೆ ಒಪ್ಪದು.

“ಇನ್ನೊಂದು ತಿಂಗಳಿಗೆ ಮತ್ತೆ ಇದೆ,” ಎಂದಳು ಒದ್ದೆ ಬಟ್ಟೆ ಹಿಂಡುತ್ತಾ. “ನನಗೆ ಗಂಟೆಗೆ ಐವತ್ತು ಅರವತ್ತು ಗ್ರಾಂ ಪಿಷ್ಟ ಬೇಕು. ಸಿಹಿ ಬೇಡ. ನನಗೆ ಬೇಕಾಗಿರೋದು ಸಹಿ ರೀ, ಸಿಹಿ ಅಲ್ಲ.”

ಬನ್ನಣ್ಣನ ಪೌರುಷ ಜಾಗೃತವಾಯಿತು. ಪಿಷ್ಟವೆಂದರೆ ಏನು, ಹಿಟ್ಟು ತಾನೆ? ಮೂರು ತಲೆಮಾರಿನಿಂದ ಹಿಟ್ಟಿನಲ್ಲೇ ಹೊರಳಾಡಿದ ವಂಶ. “ನಾನು ಮಾಡಿಕೊಡ್ತೀನಿ. ಆದರೆ ಒಂದು ಮಾತು. ಉಪ್ಪಿನ ತಿಂಡಿ ಕೈಯಿಂದ ಮಾಡ್ತೀನಿ, ಬಾಯಿಗೆ ಇಡಲ್ಲ. ಅಜ್ಜನ ಆತ್ಮ ನೊಂದುಕೊಳ್ಳತ್ತೆ.”

“ಇಡದೇ ಇರೋದೇ ಒಳ್ಳೇದು,” ಎಂದರು ಗಲ್ಲಾಪೆಟ್ಟಿಗೆಯಿಂದ ಎದ್ದು ಹಿತ್ತಿಲ ಬಾಗಿಲಿಗೆ ಬಂದಿದ್ದ ಅವನ ಅಮ್ಮ. ಎಪ್ಪತ್ತೆಂಟು ವರ್ಷದ ಆ ತಾಯಿಗೆ ಹಲ್ಲು ಕಡಿಮೆ, ಮಾತು ಮೊನಚು. ರುಚಿ ನೋಡುವ ಕೆಲಸ ಅವರ ಪಾಲಿಗೆ ಬಂತು.

ಮೊದಲನೆಯ ಆವಿಷ್ಕಾರ, ಸಕ್ಕರೆಯಿಲ್ಲದ ಉಪ್ಪಿನ ಬನ್ನು. ಅಮ್ಮ ಅಗಿದರು, ಅಗಿದರು, ಗಿರಾಕಿಯೊಬ್ಬರು ಬಂದು ಬ್ರೆಡ್ಡು ಕೊಂಡು ಹೋಗುವವರೆಗೂ ಅಗಿದರು. ಕೊನೆಗೆ, “ದಿಂಬಿಗೆ ತುಂಬಬಹುದು,” ಎಂದರು. ಹೆಂಡತಿ ಸವಾರಿಗೆ ಒಯ್ದಳು. ಏರಿನಲ್ಲಿ ಬಾಯಿತುಂಬ ಹತ್ತಿ ತುಂಬಿದಂತಾಗಿ, ಉಸಿರಾಡಬೇಕೋ ನುಂಗಬೇಕೋ ತಿಳಿಯದೆ ಗಾಡಿ ನಿಲ್ಲಿಸಿ ಮರಕ್ಕೆ ಒರಗಿದಳಂತೆ.

ಎರಡನೆಯದು ಜೋಳದ ಹಿಟ್ಟಿನ ಪಾನೀಯ. ಬಿಸಿಯಿದ್ದಾಗ ಹಾಲಿನಂತಿತ್ತು. ಬನ್ನಣ್ಣ ಹೆಮ್ಮೆಯಿಂದ ಅದನ್ನು ಸೈಕಲ್ಲಿನ ಬಾಟಲಿಗೆ ತುಂಬಿದ. ಅದು ತಣ್ಣಗಾಗುತ್ತಾ ತನ್ನ ನಿಜರೂಪ ತಾಳಿತು. ಮೂವತ್ತನೆಯ ಕಿಲೋಮೀಟರಿನಲ್ಲಿ ಆಕೆ ಬಾಟಲಿಯನ್ನು ತಲೆಕೆಳಗು ಮಾಡಿದಳು. ಒಂದು ಹನಿ ಬೀಳಲಿಲ್ಲ. ಒತ್ತಿದಳು, ಒತ್ತಿಸಿಕೊಂಡು ಹಾಗೆಯೇ ನಿಂತಿತು. ಮನೆಗೆ ಬಂದಮೇಲೆ ಅತ್ತೆ ಸೊಸೆ ಇಬ್ಬರೂ ಸೇರಿ ಬಾಟಲಿಯನ್ನು ಕತ್ತರಿಸಿ ಅದನ್ನು ಹೊರತೆಗೆದರು. ಬಾಟಲಿಯ ಅಚ್ಚಿನ ಅಕ್ಷರಗಳೂ ಅದರ ಮೇಲೆ ಸ್ಪಷ್ಟವಾಗಿ ಮೂಡಿದ್ದವು.

ಮೂರನೆಯದು ಬೇಯಿಸಿದ ಸಣ್ಣ ಆಲೂಗಡ್ಡೆ. ರುಚಿಗೆ ಯಾರೂ ತಕರಾರು ತೆಗೆಯಲಿಲ್ಲ. ಆದರೆ ಸವಾರಿ ಜಾಕೀಟಿನ ಬೆನ್ನಿನ ಜೇಬಿನಲ್ಲಿ ಎಂಬತ್ತು ಕಿಲೋಮೀಟರು ಕುಲುಕಿದ ಆಲೂಗಡ್ಡೆ ಆಲೂಗಡ್ಡೆಯಾಗಿ ಉಳಿಯುವುದಿಲ್ಲ. ಜೇಬಿನ ಹೊಲಿಗೆಯಿಂದ ಅದು ಹೊರಬರತೊಡಗಿದಾಗ, ವಾಸನೆ ಹಿಡಿದ ಒಂದು ನಾಯಿ ಎರಡು ಕಿಲೋಮೀಟರು ಬೆನ್ನಟ್ಟಿತು.

“ಆ ಎರಡು ಕಿಲೋಮೀಟರಲ್ಲಿ ನಿನ್ನ ವೇಗ ಎಷ್ಟಿತ್ತು?” ಎಂದು ಬನ್ನಣ್ಣ ಕೇಳಿದ.

“ಈ ವರ್ಷದ್ದೇ ಜಾಸ್ತಿ.”

“ನೋಡು ಮತ್ತೆ, ಪಿಷ್ಟದ ಪ್ರಭಾವ.”

ಆಕೆ ಜಾಕೀಟನ್ನು ಬಕೆಟ್ಟಿಗೆ ಹಾಕಿದಳು. ಪಿಷ್ಟ ಅವಳಿಗೆ ಇಷ್ಟ, ಅವನಿಗೆ ಕಷ್ಟ, ಬೇಕರಿಗೆ ನಷ್ಟ ಎಂಬ ಪರಿಸ್ಥಿತಿ. ಆದರೂ ಬನ್ನಣ್ಣ ಬಿಡಲಿಲ್ಲ. ಹೂಕೋಸಿನ ಪಕ್ಕ ಕೂತು ಬಂದ ಮುಖ ಅವನ ಕಣ್ಣಿಗೆ ಕಟ್ಟಿತ್ತು. ಆ ಮಾತನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಸವಾರಿಗೆ ಒಂಬತ್ತು ದಿನ ಇದ್ದಾಗ ಅದು ಕೂಡಿಬಂತು. ಮೆತ್ತಗೆ ಬೆಂದ ಅನ್ನ, ಹಿಸುಕಿದ ಆಲೂಗಡ್ಡೆ, ಚೂರು ಬೆಣ್ಣೆ, ಉಪ್ಪು, ಮೆಣಸಿನ ಪುಡಿ. ಎಲ್ಲವನ್ನೂ ಕೇಕಿನ ತಟ್ಟೆಯಲ್ಲಿ ಒತ್ತಿ, ಮೇಲೆ ಕೆಂಪಗಾಗುವಷ್ಟು ಬೇಯಿಸಿ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ತುಂಡು ಮಾಡಿ, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿದ. ಒಣಗಲಿಲ್ಲ, ಕರಗಲಿಲ್ಲ, ನಾಯಿ ಬರಲಿಲ್ಲ. ನೂರು ಕಿಲೋಮೀಟರು ಸುತ್ತಿ ಬಂದ ಹೆಂಡತಿ ಬಾಗಿಲಲ್ಲೇ ನಿಂತು, “ಚೆನ್ನಾಗಿದೆ ರೀ,” ಎಂದಳು. ಬನ್ನಣ್ಣ ಅಂದು ಮಧ್ಯಾಹ್ನ ಆ ಸುಟ್ಟ ಬ್ರೆಡ್ಡಿನ ಗಿರಾಕಿಗೂ ಒಳ್ಳೆಯ ಬ್ರೆಡ್ಡು ಕೊಟ್ಟ.

ಸವಾರಿಯ ದಿನ ಬೆಳಿಗ್ಗೆ ಆರಕ್ಕೆ ಆಕೆ ಹದಿನಾಲ್ಕು ತುಂಡು ಜೇಬಿಗಿಳಿಸಿ ಹೊರಟಳು. ಉಳಿದ ಹನ್ನೊಂದು ತುಂಡುಗಳ ಡಬ್ಬಿಯನ್ನು ಬನ್ನಣ್ಣ ನೂರಮೂವತ್ತನೆಯ ಕಿಲೋಮೀಟರಿನ ಸಹಿ ಕೇಂದ್ರಕ್ಕೆ ಮುಟ್ಟಿಸಬೇಕು. ವಾಪಸ್ ಬರುವಾಗ ದಾರಿಯ ಅಂಗಡಿಯೊಂದಕ್ಕೆ ಹಾಕಲು ಜಾಮ್ ಬನ್ನಿನ ಎರಡು ತಟ್ಟೆಗಳೂ ಬೇಕರಿಯ ವ್ಯಾನಿನಲ್ಲಿದ್ದವು. ಕೇಂದ್ರವೆಂದರೆ ಹಳೆಯ ರೈಲು ನಿಲ್ದಾಣದ ಜಗಲಿಯಲ್ಲಿ ಒಂದು ಮೇಜು, ಅದರ ಹಿಂದೆ ಸೈಕಲ್ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು. ಎರಡೂ ಮುಕ್ಕಾಲಿಗೆ ಮೇಜು ಮಡಚುತ್ತಾರೆ. ಬನ್ನಣ್ಣ ಹನ್ನೊಂದೂವರೆಗೇ ಹೋಗಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಹನ್ನೆರಡಕ್ಕೆ ಮೊದಲ ಸವಾರ ಬಂದ. ಅವಳಲ್ಲ. ಬಿಸಿಲು ಏರಿತು. ಅನ್ನ, ಆಲೂಗಡ್ಡೆ, ಈ ಸೆಕೆ... ಹಳಸಿದ್ದರೆ? ಹೆಂಡತಿಯ ಆರೋಗ್ಯದ ಮುಂದೆ ಅಜ್ಜನ ಆತ್ಮ ದೊಡ್ಡದೇ? ಬನ್ನಣ್ಣ ಕರ್ತವ್ಯಪ್ರಜ್ಞೆಯಿಂದ ಒಂದು ತುಂಡು ಬಿಚ್ಚಿ ಬಾಯಿಗಿಟ್ಟ.

ನಲವತ್ತು ವರ್ಷ ಸಕ್ಕರೆಯ ಗಾಳಿ ಉಂಡ ನಾಲಿಗೆಗೆ ಏನೋ ಆಯಿತು. ಮೇಲಿನ ಗರಿಗರಿ, ಒಳಗಿನ ಮೆತ್ತನೆ, ಕೊನೆಯಲ್ಲಿ ಮೆಣಸು. ಹಳಸಿರಲಿಲ್ಲ. ಆದರೆ ಒಂದು ಸರಿಯಿದ್ದರೆ ಎಲ್ಲವೂ ಸರಿಯಿರಬೇಕೆಂದೇನು? ಎರಡನೆಯದನ್ನು ಪರೀಕ್ಷಿಸಿದ. ಅದೂ ನಿರ್ದೋಷಿ.

ಒಂದು ಗಂಟೆಗೆ ಎದುರುಗಾಳಿ ಶುರುವಾಯಿತು. ಸವಾರರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿಸಿಕೊಂಡು ಹೋದರು. ಪ್ರತಿ ಸಲ ರಸ್ತೆಯ ತಿರುವಿನಲ್ಲಿ ಹೆಲ್ಮೆಟ್ಟು ಕಂಡಾಗ ಬನ್ನಣ್ಣ ಎದ್ದು ನಿಲ್ಲುವನು. ಅವಳಲ್ಲವೆಂದು ತಿಳಿದು ಕೂರುವನು. ಕೂತಾಗ ಕೈ ತಾನಾಗಿಯೇ ಡಬ್ಬಿಗೆ ಹೋಗುವುದು. ಆತಂಕಕ್ಕೆ ಇಷ್ಟೊಂದು ಹಸಿವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಎರಡು ಗಂಟೆಗೆ ಡಾಕ್ಟರು ಕೇಳಿದರು, “ಏನದು, ಘಮ ಘಮ ಅಂತಿದೆ?” ದಾಕ್ಷಿಣ್ಯಕ್ಕೆ ಡಬ್ಬಿ ಚಾಚಿದ. ಡಾಕ್ಟರು ಒಂದು ತೆಗೆದುಕೊಂಡು, “ಕೊನೇದಾ? ಅಯ್ಯೋ, ನಿಮಗೆ?” ಎಂದರು.

ಆಗ ಬನ್ನಣ್ಣ ಡಬ್ಬಿಯೊಳಗೆ ನೋಡಿದ. ಹತ್ತು ಕಾಗದಗಳು ಅಚ್ಚುಕಟ್ಟಾಗಿ ಮಡಚಿಕೊಂಡು ಕೂತಿದ್ದವು.

ಅದೇ ಹೊತ್ತಿಗೆ ತಿರುವಿನಲ್ಲಿ ಅವಳು ಕಂಡಳು.

ಮುಖ ಕೆಂಪಗೆ, ತುಟಿ ಒಣಗಿ. ಸಹಿ ಹಾಕಿಸಿಕೊಂಡು ಬಂದು ಕೈಚಾಚಿದಳು. “ಕೊಡಿ. ನನ್ನದು ಒಂದು ಗಂಟೆ ಹಿಂದೆಯೇ ಖಾಲಿ.”

ಬನ್ನಣ್ಣನಿಗೆ ಇಪ್ಪತ್ತೆರಡು ವರ್ಷದಲ್ಲಿ ಹೇಳಿದ ಸುಳ್ಳುಗಳೆಲ್ಲ ನೆನಪಾದವು. ಒಂದೂ ಇಲ್ಲಿಗೆ ಹೊಂದಲಿಲ್ಲ. “ಹಳಸಿದೆಯೇನೋ ಅಂತ ನೋಡಿದೆ,” ಎಂದ ಮೆಲ್ಲಗೆ.

“ಎಷ್ಟು ನೋಡಿದಿರಿ?”

“ಪೂರ್ತಿ ನೋಡಿದೆ.”

ಡಾಕ್ಟರು ತಮ್ಮ ಕೈಯಲ್ಲಿದ್ದ ಅರ್ಧ ತುಂಡನ್ನು ಬೆನ್ನ ಹಿಂದೆ ಸರಿಸಿಕೊಂಡರು. ಬನ್ನಣ್ಣನ ಕಣ್ಣಲ್ಲಿ ನೀರು ಬಂತು. ಒಂದು ತಿಂಗಳ ಶ್ರಮ, ಅವಳ ನೂರಮೂವತ್ತು ಕಿಲೋಮೀಟರು, ಎಲ್ಲವೂ ಅವನ ಹೊಟ್ಟೆಯಲ್ಲಿ ಬೆಚ್ಚಗೆ ಕೂತಿದ್ದವು. ಹೆಂಡತಿ ಅವನನ್ನೊಮ್ಮೆ ನೋಡಿ, ಬೈಯದೆ ನೇರ ವ್ಯಾನಿನ ಹಿಂಬಾಗಿಲಿಗೆ ಹೋದಳು. ಜಾಮ್ ಬನ್ನಿನ ಮೇಲಿನ ತಟ್ಟೆ ಎತ್ತಿದಳು. ಕೆಳಗಿನ ತಟ್ಟೆಯ ಮೂಲೆಯಲ್ಲಿ, ಬನ್ನುಗಳ ನಡುವೆ, ಇನ್ನೊಂದು ಡಬ್ಬಿ.

“ಇದು ಯಾವಾಗ...”

“ಅತ್ತೆ ಇಟ್ಟಿದ್ದು. ಅವನ ಕೈಗೆ ಡಬ್ಬಿ ಕೊಟ್ಟು ಮೂರು ಗಂಟೆ ಕೂರಿಸಿದರೆ ಉಳಿಯಲ್ಲಮ್ಮ ಅಂದ್ರು. ಎಲ್ಲಿಡೋದು ಅಂತ ಇಬ್ಬರೂ ಯೋಚನೆ ಮಾಡಿದ್ವಿ. ನಿಮ್ಮ ಬನ್ನನ್ನ ನೀವು ಮುಟ್ಟಲ್ವಲ್ಲ.”

ನಿಂತಲ್ಲೇ ಮೂರು ತಿಂದಳು, ಐದು ಜೇಬಿಗಿಳಿಸಿದಳು, ನೀರು ಕುಡಿದಳು, ಗಾಳಿಗೆ ಎದೆಕೊಟ್ಟು ಹೊರಟಳು. ಸಂಜೆ ಕೊನೆಯ ಸಹಿ ಬಿದ್ದಾಗ ಇನ್ನೂ ಇಪ್ಪತ್ತೆರಡು ನಿಮಿಷ ಉಳಿದಿತ್ತು. ಕಾರ್ಡನ್ನು ಬನ್ನಣ್ಣನ ಕೈಗೆ ಕೊಟ್ಟು ಅಲ್ಲಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು. ಅವನು ನಾಲ್ಕು ಸಹಿಗಳನ್ನೂ ಎರಡೆರಡು ಸಲ ಓದಿದ.

“ಹತ್ತು ತುಂಡು,” ಎಂದಳು ಆಕೆ ಕಣ್ಣುಮುಚ್ಚಿಕೊಂಡೇ. “ಅಂದರೆ ಐದು ಗಂಟೆ ಸವಾರಿಯ ಇಂಧನ. ಕೂತಲ್ಲೇ ತುಂಬಿಸಿಕೊಂಡಿದ್ದೀರಿ. ಖರ್ಚು ಮಾಡಬೇಕಲ್ಲ.”

ಹೀಗೆ ಮುಂದಿನ ಭಾನುವಾರ ಬನ್ನಣ್ಣ, ಯಾರದೋ ಹೆಲ್ಮೆಟ್ಟಿನಲ್ಲಿ, ಬಾಡಿಗೆ ಸೈಕಲ್ಲಿನ ಮೇಲೆ ಹೆಂಡತಿಯ ಹಿಂದೆ ಹೊರಟ. ಅವಳೇ ಕೈಯಾರೆ ಬರೆದುಕೊಟ್ಟ ನಕ್ಷೆ ಜೇಬಿನಲ್ಲಿತ್ತು. ಅದರಲ್ಲಿ ರಸ್ತೆ ಮೇಜಿನಷ್ಟು ಸಮತಟ್ಟಾಗಿತ್ತು. ಆರನೆಯ ಕಿಲೋಮೀಟರಿನಲ್ಲಿ ಅವನು ಕೆಳಗಿಳಿದು ಸೈಕಲ್ಲನ್ನು ಅಪ್ಪಿಕೊಂಡು ನಿಂತ.

“ಈ ಏರು ನಕ್ಷೆಯಲ್ಲಿ ಇರಲಿಲ್ಲವಲ್ಲೇ.”

“ಇದ್ದಿದ್ದರೆ ನೀವು ಬರ್ತಿದ್ದಿರಾ?” ಎಂದಳು ಆಕೆ, ಪೆಡಲ್ ತುಳಿಯುವುದನ್ನು ನಿಲ್ಲಿಸದೆ.