ಓಣಿಯಲ್ಲಿ ನಿಂತ ಬೀರು

ಗಡಿಯಾರ ರಿಪೇರಿಯವನ ಮನೆಯಲ್ಲಿ ಬೀರು ಇರಲಿಲ್ಲ. ಬಟ್ಟೆಗಳೆಲ್ಲ ಹಗ್ಗದ ಮೇಲೆ ನೇತಾಡುತ್ತಿದ್ದವು. ಬಂದವರು ಅವನ ಪ್ಯಾಂಟುಗಳನ್ನು ಪರದೆಯಂತೆ ಸರಿಸಿಕೊಂಡು ಒಳಗೆ ಬರಬೇಕಿತ್ತು. ಹೆಂಡತಿಯ ಅಕ್ಕ ಊರು ಬಿಡುತ್ತಿದ್ದಳು; ತನ್ನ ಮರದ ಬೀರನ್ನು ಕೊಡಲು ಒಪ್ಪಿದಳು. "ಇವತ್ತೇ ಒಯ್ಯಬೇಕು. ಇಲ್ಲಾಂದ್ರೆ ಓನರ್‌ಗೆ ಬಿಟ್ಟು ಹೋಗ್ತೀನಿ" ಎಂದಳು. ಹೆಂಡತಿ ಹೇಳಿದ್ದು ಇನ್ನೂ ಚುಟುಕು: "ಬೀರಿಲ್ಲದೆ ಮನೆಗೆ ಬರಬೇಡಿ."

ಅವನ ಮನೆ ಇದ್ದದ್ದು ಗುಡ್ಡದ ಮೇಲಿನ ಕೇರಿಯಲ್ಲಿ. ಹಿಂದೆ ಅಲ್ಲಿ ಕಲ್ಲು ಒಡೆಯಲು ಬಂದವರು ಸಿಕ್ಕಸಿಕ್ಕಲ್ಲಿ ಗುಡಿಸಲು ಹಾಕಿದ್ದರು. ಗುಡಿಸಲು ಮನೆಯಾಗಿ, ಒಂದರ ಗೋಡೆಗೆ ಇನ್ನೊಂದರ ಗೋಡೆ ಒರಗಿ, ಒಬ್ಬರ ತಾರಸಿ ಮತ್ತೊಬ್ಬರ ಅಂಗಳವಾಗಿ ಕೇರಿ ಮೇಲಕ್ಕೇರಿತ್ತು. ಮನೆ ಕಟ್ಟಿ ಉಳಿದ ಜಾಗಕ್ಕೆ ಓಣಿ ಎಂದು ಹೆಸರು. ಆ ಓಣಿಯ ಮೆಟ್ಟಿಲುಗಳಲ್ಲಿ ಎದುರಿಗೆ ದಪ್ಪಗಿನವರು ಬಂದರೆ, ಯಾರದಾದರೂ ಮನೆಯೊಳಗೆ ಹೊಕ್ಕು ಕ್ಷೇಮ ವಿಚಾರಿಸಿ ಬರಬೇಕು.

ಇಬ್ಬರು ಹಮಾಲರು ಬೀರು ಹೊತ್ತು ಹತ್ತತೊಡಗಿದ್ದೇ ತಡ, ಕಿಟಕಿಗಳೆಲ್ಲ ತೆರೆದವು.

"ಎಡಕ್ಕೆ ವಾಲಿಸ್ರೋ!" ಎಂದ ಓಣಿಯ ಬುಡದಲ್ಲಿ ಅಂಗಡಿಯಿದ್ದ ದರ್ಜಿ. ಗಡಿಯಾರದವನ ಪಕ್ಕದ ಮನೆಯವನು.

"ಬಲಕ್ಕೆ!" ಎಂದಳು ತಿರುವಿನ ಮನೆಯ ಅಜ್ಜಿ.

ಯಾರಿಗೂ ಬೇಸರವಾಗದಂತೆ ಒಬ್ಬ ಹಮಾಲ ಎಡಕ್ಕೆ, ಇನ್ನೊಬ್ಬ ಬಲಕ್ಕೆ ತಿರುಗಿಸಿದ. ಬೀರು ಅಜ್ಜಿಯ ಗೋಡೆಗೂ ಎದುರು ಗೋಡೆಗೂ ನಡುವೆ, ಗಂಟಲಲ್ಲಿ ಸಿಕ್ಕ ಮಾತ್ರೆಯಂತೆ ಕೂತುಬಿಟ್ಟಿತು.

"ಅಜ್ಜಿ, ನಿಮ್ಮ ಮನೇಲಿ ಇದಕ್ಕಿಂತ ದೊಡ್ಡ ಬೀರಿದೆಯಲ್ಲ, ಅದು ಹೇಗೆ ಬಂತು?" ಎಂದ ಗಡಿಯಾರದವನು.

"ಅದೆಲ್ಲಿ ಬಂತು? ಅದನ್ನ ಮೊದಲು ಇಟ್ಟು, ಆಮೇಲೆ ಸುತ್ತ ಮನೆ ಕಟ್ಟಿದ್ರು ನಮ್ಮ ಮಾವ."

ಬೀರಿನ ಎರಡೂ ಕಡೆ ಜನ ಸೇರಿದರು. ಕೆಳಗಿನವರಿಗೆ ಮನೆ ಸೇರಬೇಕು, ಮೇಲಿನವರಿಗೆ ಕೆಲಸಕ್ಕೆ ಹೋಗಬೇಕು.

"ಬೆನ್ನಿನ ಹಲಗೆ ಕೀಳ್ರಪ್ಪ, ತೂರಿಕೊಂಡು ಹೋಗೋಣ" ಎಂದ ದರ್ಜಿ.

"ಅಯ್ಯೋ, ಬೇಡಣ್ಣ!" ಎಂದ ಗಡಿಯಾರದವನು.

"ಆಮೇಲೆ ಬಡಿದ್ರಾಯ್ತು ಬಿಡೋ."

ಬೆನ್ನೂ ಹೋಯಿತು, ಒಳಗಿನ ಅಡ್ಡ ಹಲಗೆಗಳೂ ಹೋದವು. ಜನ ಬೀರಿನ ಬಾಗಿಲಿಂದ ಹೊಕ್ಕು ಬೆನ್ನಿಂದ ಹೊರಬಿದ್ದರು. ಮೇಲಿಂದ ಇಳಿದು ಬಂದ ಒಬ್ಬಾಕೆ ಹೊರಗೆ ಬಂದವಳು ಅಭ್ಯಾಸಬಲದಿಂದ ಬಾಗಿಲು ಹಾಕಿಕೊಂಡು ಹೋದಳು. ದರ್ಜಿಯೂ ಏನೋ ಕೆಲಸವಿದೆಯೆಂದು ತೂರಿ ಮೇಲಕ್ಕೆ ಹೋದ.

ಸಂಜೆ ಓಣಿ ಖಾಲಿಯಾದಾಗ ಗಡಿಯಾರದವನು ಹಾರೆ ತಂದ. ಅಜ್ಜಿ ಅಡ್ಡ ನಿಂತಳು.

"ಮುಟ್ಟಬೇಡಪ್ಪ! ಎಷ್ಟು ವರ್ಷದಿಂದ ವಾಲ್ತಾ ಇದ್ದ ಗೋಡೆ ಇದು. ಈಗ ನೋಡು, ನಿನ್ನ ಬೀರಿನ ಮೇಲೆ ಆರಾಮಾಗಿ ಒರಗಿದೆ. ತೆಗೆದ್ಯೋ, ಮನೆಯೂ ಹೋಯ್ತು, ನಾನೂ ಹೋದೆ."

ನಿಜ. ಬೀರಿನ ಹೆಗಲ ಮೇಲೆ ಗೋಡೆ ಮಣ್ಣು ಉದುರಿಸುತ್ತ ಕೂತಿತ್ತು. ಮುದುಕಿಯನ್ನು ಕೊಂದು ಅಂಗಿ ಮಡಿಚಿಡುವಷ್ಟು ಗಟ್ಟಿ ಎದೆ ಅವನದಲ್ಲ. ಹಾರೆ ಕೆಳಗಿಟ್ಟ.

ಹೆಂಡತಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸುತ್ತ ಮನೆಗೆ ಹೋದರೆ, ಕೋಣೆ ಮೈದಾನದಂತೆ ಬಿದ್ದಿತ್ತು.

"ಮಂಚ ಎಲ್ಲಿ?"

"ಬೀರಿಗೆ ಜಾಗ ಬೇಡವಾ? ದರ್ಜಿ ಅಣ್ಣ ಬಂದು ಕೇಳಿದ್ರು, ಕೊಟ್ಟುಬಿಟ್ಟೆ. ಬೀರು ದಾರೀಲೇ ಇದೆ ಅಂದ್ರು. ಕಾಲು ಬೇರೆ, ಹಲಗೆ ಬೇರೆ ಬಿಚ್ಚಿ ಚಕಚಕ ಹೊತ್ಕೊಂಡು ಹೋದ್ರು ನೋಡಿ. ಸಾಮಾನು ಬಿಚ್ಚದೆ ಈ ಓಣೀಲಿ ಯಾವ ಪೆದ್ದ ತರ್ತಾನೆ ಅಂತ ಒಂದೇ ಸಮ ನಗು. ಅದಿರಲಿ, ಬೀರೆಲ್ಲಿ?"

ಆ ದಿನ ಅವನಿಗೆ ಕೈತಪ್ಪಿದ್ದು ಒಂದು ಬೀರು, ಒಂದು ಮಂಚ.