ಜುಮುಕಿ ಗಿಡದ ಗಿರಾಕಿಗಳು

ತೊಂಬತ್ತರ ದಶಕದಲ್ಲಿ ಸಾರಕ್ಕಿ ಹತ್ತಿರ ನಾನೊಂದು ಚಿಕ್ಕ ನರ್ಸರಿ ಇಟ್ಟಿದ್ದೆ. ಊಟಿಯಿಂದ ಫ್ಯೂಷಿಯಾ ತರಿಸಿ ಮಾರ್ತಿದ್ದೆ. ಆ ಹೆಸರು ಬಾಯಿಗೆ ಬಾರದವರು ಜುಮುಕಿ ಗಿಡ ಅಂತಿದ್ರು. ಗುಲಾಬಿ ಒಯ್ದವರು ಮತ್ತೆ ಈ ಕಡೆ ತಲೆ ಹಾಕ್ತಿರಲಿಲ್ಲ. ಇದನ್ನು ಒಯ್ದವರು ಮಾತ್ರ ಕುಂಡ ತಬ್ಬಿಕೊಂಡು ವಾಪಸ್ ಬರ್ತಿದ್ರು, ಜೊತೆಗೊಂದು ಕಥೆ.

ತಲೆ ತಗ್ಗಿಸಿದ ಹೂ

ಜಯನಗರದ ಆಂಟಿಯೊಬ್ಬರು ಮಾರನೆಯ ದಿನವೇ ಬಂದರು. "ಬಾಡಿದ ಗಿಡ ಕೊಟ್ಟಿದೀರಲ್ಲಮ್ಮಾ! ಎಲ್ಲ ಹೂವೂ ನೆಲ ನೋಡ್ತಿವೆ."

ನೋಡಿದರೆ ಒಂದೊಂದು ಹೂವಿಗೂ ಕಡ್ಡಿ ಕೊಟ್ಟು, ದಾರ ಬಿಗಿದು, ಮುಖ ಮೇಲೆ ಮಾಡಿದ್ದಾರೆ!

"ಆಂಟಿ, ಇದು ಅರಳೋದೇ ಹೀಗೆ, ಜುಮುಕಿ ತೂಗಾಡಿದ ಹಾಗೆ. ಅದಕ್ಕೇ ಎತ್ತರದಲ್ಲಿ ನೇತು ಹಾಕಿ ಅಂದಿದ್ದು."

ಆಂಟಿ ಕಟ್ಟಿದ ದಾರಗಳನ್ನೆಲ್ಲ ಒಮ್ಮೆ ನೋಡಿದರು. "ನಮ್ಮನೆಯವರು ಬೆಳಿಗ್ಗೆಯಿಂದ ಕೂತು ಕಟ್ಟಿದಾರೆ. ಇದನ್ನ ನೀವೇ ಬಂದು ಅವರಿಗೆ ಹೇಳಿ."

ನೀರು

ವಿಲ್ಸನ್ ಗಾರ್ಡನ್ ಅಂಕಲ್ ಒಬ್ಬರ ದೂರು: ಎಷ್ಟು ನೀರು ಹಾಕಿದರೂ ಗಿಡ ಬಾಡ್ತಿದೆ. ಮಣ್ಣು ಮುಟ್ಟಿದರೆ ಕೆಸರು. ವಿಚಾರಿಸಿದೆ. ಬೆಳಿಗ್ಗೆ ಇವರು, ಮಧ್ಯಾಹ್ನ ಹೆಂಡತಿ, ಸಂಜೆ ಅತ್ತೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣು ತುಂಬಿಕೊಟ್ಟೆ. "ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ರೆ ಮಾತ್ರ ನೀರು. ಅದೂ ಮನೇಲಿ ಒಬ್ಬರೇ ಹಾಕಿ."

ಕೆಲವು ದಿನ ಬಿಟ್ಟು ಬಂದರು. ಗಿಡ ಒಣಗಿ ಕಡ್ಡಿಯಾಗಿತ್ತು.

"ಏನಾಯ್ತು ಅಂಕಲ್?"

"ಆ ಒಬ್ಬರು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲಮ್ಮ."

ತಂಪು ಜಾಗ

ಹುಬ್ಬಳ್ಳಿ ಕಡೆಯವನೊಬ್ಬ ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಆಫೀಸಿಗೆ ಹೋಗ್ತಿದ್ದ. "ಮೊಗ್ಗೆಲ್ಲಾ ಉದುರಾಕತ್ತಾವ್ರೀ ಅಕ್ಕಾರ!" ಏಪ್ರಿಲ್ ಬಿಸಿಲಲ್ಲಿ ಗಿಡವನ್ನು ಟೆರೇಸಿನ ಮೇಲಿಟ್ಟಿದ್ದ. ಬೆಳಗಿನ ಎಳೆಬಿಸಿಲು ಸಾಕು, ಆಮೇಲೆ ನೆರಳು, ಗಾಳಿ ಇರಲಿ ಅಂದೆ.

ಮತ್ತೆ ಬಂದಾಗ ಮುಖ ಅರಳಿತ್ತು, ಕಣ್ಣು ಮಾತ್ರ ನಿದ್ದೆಗೆಟ್ಟು ಕೆಂಪಾಗಿತ್ತು. "ಭಾರೀ ಹೂ ಬಿಟ್ಟೈತ್ರೀ!"

"ಎಲ್ಲಿಟ್ಟೆಯಪ್ಪ?"

"ರೂಮಿನ್ಯಾಗ ತಂಪು ಜಾಗಾ ಅಂದ್ರ ಕಿಟಕಿ ಬಾಜೂಕ ಒಂದರೀ. ಅಲ್ಲಿ ನಾ ಮಲಗ್ತಿದ್ದೆ. ಈಗ ಗಿಡ ಅಲ್ಲೈತಿ, ನಾ ಟೆರೇಸಿನ ಮ್ಯಾಲ ಅದೀನಿ."

ಬರೀ ಎಲೆ

ಜರಗನಹಳ್ಳಿಯ ಯಜಮಾನರೊಬ್ಬರು, ಹಿಂದೆ ಹೊಲ ಉಳುತ್ತಿದ್ದವರು, ಆಗ ನಾಲ್ಕು ಮನೆ ಬಾಡಿಗೆಗೆ ಕೊಟ್ಟಿದ್ದರು. ಅವರ ಗಿಡ ಪೊದೆಯಂತೆ ಬೆಳೆದಿತ್ತು, ಒಂದು ಹೂವಿಲ್ಲ.

"ಗೊಬ್ಬರ ಏನ್ ಹಾಕಿದ್ರಿ?"

"ಕುರಿಗೊಬ್ಬರ, ಮೇಲೊಂದಿಷ್ಟು ಯೂರಿಯಾ. ಹೊಲಕ್ಕೆ ಹಾಕಿದಂಗೇ ಹಾಕ್ದೆ."

"ಅದಕ್ಕೇ ಬರೀ ಎಲೆ. ಎರಡೂ ನಿಲ್ಸಿ. ತುದಿ ಚಿವುಟಿ, ಎರಡು ತಿಂಗಳು ಕಾಯಿರಿ."

"ಭಾನುವಾರ ಮಗಳನ್ನ ನೋಡೋಕೆ ಬರ್ತವ್ರೆ ಕಣಕ್ಕಾ! ಗಂಡಿನ ತಾಯಿಗೆ ಹೂಗಿಡ ಅಂದ್ರೆ ಪ್ರಾಣವಂತೆ."

ಭಾನುವಾರ ಏನಾಯ್ತು ಅಂತ, ಆಮೇಲೆ ಲಗ್ನಪತ್ರಿಕೆ ಕೊಡೋಕೆ ಬಂದಾಗ ಅವರೇ ಹೇಳಿದರು. ಜಯನಗರದಿಂದ ಪ್ಲಾಸ್ಟಿಕ್ ಹೂ ತಂದು ಗಿಡದ ತುಂಬಾ ಸಿಕ್ಕಿಸಿದ್ದರಂತೆ. ಗಂಡಿನ ತಾಯಿ ಬಂದವರೇ ಹುಡುಗಿಯನ್ನೂ ನೋಡದೆ ಗಿಡದ ಹತ್ತಿರ ಹೋಗಿ, "ಎಷ್ಟು ಚೆನ್ನಾಗಿದೆ!" ಅಂತ ಒಂದು ಹೂ ಮುಟ್ಟಿದರು. ಅದು ಕಳಚಿ ಕೈಗೆ ಬಂತು, ತಂತಿಯ ಸಮೇತ.

ಯಜಮಾನರು ಬೆವೆತುಹೋದರು. ಆಕೆ ತಂತಿ ನೋಡಿದರು, ಎಲೆ ನೋಡಿದರು, ಹೊಟ್ಟೆ ಹಿಡ್ಕೊಂಡು ನಕ್ಕರು. "ಗೊಬ್ಬರ ಜಾಸ್ತಿ ಸುರಿದಿದೀರ ಅಲ್ವಾ?"

ಒಳಗೆ ಉಪ್ಪಿಟ್ಟು, ಕಾಫಿ ಎಲ್ಲ ಆಯ್ತು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದರು. ಹೊರಡುವಾಗ ಯಜಮಾನರು ಕೈ ಮುಗಿದು, "ತಮ್ಮ ಅಭಿಪ್ರಾಯ..." ಅಂದರು.

"ಹುಡುಗಿ ನಮಗೆ ಒಪ್ಪಿಗೆ ಕಣ್ರೀ," ಅಂದರಂತೆ ಆಕೆ. "ಗಿಡದ ವಿಷಯ ಮನೆಗೆ ಹೋಗಿ ಯೋಚ್ನೆ ಮಾಡಿ ತಿಳಿಸ್ತೀವಿ."