ಚತುರ್ಮುಖ ಕಂಡ ಮುಹೂರ್ತ

"ಮದುವೆ ಮನೇಲಿ ವಿಡಿಯೋದವರ ಬೆನ್ನು ನೋಡ್ಕೊಂಡು ಕೂರೋ ಕಾಲ ಇವತ್ತಿಗೆ ಮುಗೀತು!" ಎಂದು ನಮ್ಮವರು ಕಲ್ಯಾಣ ಮಂಟಪದ ಮೂಲೆಯಲ್ಲಿ ನಿಂತು ಘೋಷಿಸಿದರು. ಮೇಜಿನ ಮೇಲೆ ಅವರ ಹೊಸ ಯಂತ್ರ 'ಚತುರ್ಮುಖ' ಕುಳಿತಿತ್ತು. ನಮ್ಮವರೆಂದರೆ ಚಿದಾನಂದ. ಇಪ್ಪತ್ತು ವರ್ಷದಿಂದ ತುಮಕೂರಿನಲ್ಲಿ ಟಿ.ವಿ. ರಿಪೇರಿಯವರು, ಹದಿನೆಂಟು ವರ್ಷದಿಂದ ನನ್ನ ಗಂಡ. ಎರಡು ಕೆಲಸವನ್ನೂ ಅರ್ಧಕ್ಕೇ ಬಿಟ್ಟವರು.

ಚತುರ್ಮುಖಕ್ಕೆ ನಾಲ್ಕು ಕ್ಯಾಮೆರಾ. ಯಾವುದರ ಮುಂದೆ ಜನರ ಭಾವನೆ ಉಕ್ಕುತ್ತದೋ ಅದನ್ನು ತಾನೇ ಅಳೆದು, ವೇದಿಕೆಯ ಪಕ್ಕದ ಹನ್ನೆರಡು ಅಡಿ ಪರದೆಗೆ ಹಾಕುತ್ತದಂತೆ. ಭಾವನೆ ಅಳೆಯುವ ಯಂತ್ರ ಕಟ್ಟಿದವರು ಇವರು! ನಾನು ಮೂರು ದಿನ ಮಾತು ಬಿಟ್ಟರೆ ನಾಲ್ಕನೆಯ ದಿನ "ಗಂಟಲು ನೋವೇನೇ?" ಎಂದು ಕೇಳುವ ಮಹಾನುಭಾವರು.

ಮದುವೆ ನನ್ನ ತಂಗಿ ನಳಿನಿಯದು. ಅಮ್ಮ ತೀರಿಕೊಂಡಾಗ ಅವಳಿಗೆ ಆರು ವರ್ಷ. ಅಂದಿನಿಂದ ಅವಳಿಗೆ ಜಡೆ ಹೆಣೆದವಳು ನಾನು. ಬೆಳಿಗ್ಗೆ ಅವಳು ಕೇಳಿದ್ದು ಒಂದೇ ಒಂದು. "ಅಕ್ಕ, ತಾಳಿ ಕಟ್ಟೋವಾಗ ನೀನು ನನ್ನ ಪಕ್ಕದಲ್ಲೇ ಇರ್ಬೇಕು. ಇಲ್ದಿದ್ರೆ ನಂಗೆ ಕೈಕಾಲು ನಡುಗುತ್ತೆ." ಹೂಂ ಎಂದು ಮಾತು ಕೊಟ್ಟಿದ್ದೆ.

ಮುಹೂರ್ತ ಹತ್ತೂವರೆಗೆ. ಹತ್ತಕ್ಕೆ ಚತುರ್ಮುಖ ಚಾಲೂ ಆಯಿತು. ಪರದೆಯ ಮೇಲೆ ಮದುಮಗಳು ಬರುವ ಬದಲು ಉಗ್ರಾಣದ ಸಕ್ಕರೆ ಮೂಟೆ ಬಂತು! ಅದರ ಹಿಂದೆಯೇ ಕೈತೊಳೆಯುವ ಜಾಗ. ಅಲ್ಲಿ ಗಂಡಿನ ಸೋದರಮಾವ ಹಲ್ಲುಸೆಟ್ಟು ಬಿಚ್ಚಿ ತೊಳೆಯುತ್ತಿದ್ದರು. ಎಂಟು ನೂರು ಜನ ಅದನ್ನು ಭಕ್ತಿಯಿಂದ ನೋಡಿದರು.

ಮಂಟಪದ ಮ್ಯಾನೇಜರ್ ಕೆಂಪಹನುಮಯ್ಯ ಏದುಸಿರು ಬಿಡುತ್ತಾ ಬಂದ.

"ಸಾರ್, ನಮ್ ಸಿ.ಸಿ. ಕ್ಯಾಮ್ರಾ ಎಲ್ಲಾ ನಿಮ್ ಪರದೆಗೆ ಬತ್ತಾ ಅವೆ! ನಿಮ್ ಪೆಟ್ಟಿಗೆಗೆ ನೆಟ್‌ವರ್ಕ್ ನಂಬರ್ ಏನ್ ಕೊಟ್ಟೀರಿ?"

"ಕೊನೇಲಿ ನೂರಾ ಒಂದು. ಶುಭಕಾರ್ಯ ನೋಡಿ, ಸೊನ್ನೆಗೆ ನಿಲ್ಲಿಸಬಾರ್ದು. ಮುಯ್ಯಿ ಕೊಡೋವಾಗ ನೂರಕ್ಕೆ ಒಂದು ಸೇರಿಸಲ್ವಾ?"

"ಅಯ್ಯಯ್ಯೋ! ಅದಕ್ಕೇ ನಾನೂ ನಮ್ ಪೆಟ್ಟಿಗೆಗೆ ನೂರಾ ಒಂದೇ ಹಾಕ್ಸಿದ್ದು ಸಾರ್!"

ಒಂದೇ ಬಾಗಿಲ ನಂಬರಿನ ಎರಡು ಮನೆಯಿದ್ದರೆ ಪೋಸ್ಟಿನವನು ಏನು ಮಾಡಿಯಾನು? "ನೂರಾ ಎರಡು ಮಾಡ್ರೀ" ಎಂದೆ.

"ಮದುವೇಲಿ ಸಮಸಂಖ್ಯೆನಾ? ಬುದ್ಧಿ ಇದೆಯೇನೇ ನಿಂಗೆ?" ಎಂದು ನನ್ನ ಮೇಲೆಯೇ ರೇಗಿದರು. ನೆಟ್‌ವರ್ಕಿನ ವೈರನ್ನೇ ಕಿತ್ತೆಸೆದು ಕ್ಯಾಮೆರಾಗಳಿಗೆ ನೇರವಾಗಿ ಅಪ್ಪಣೆ ಒಯ್ಯುವ ಇನ್ನೊಂದು ವೈರನ್ನು ಚುಚ್ಚಿದರು. "ನೆಟ್‌ವರ್ಕಿನ ಹಂಗೇ ಬೇಡ. ಇನ್ಮೇಲೆ ಎಲ್ಲಾ ಸೀರಿಯಲ್!"

"ಸೀರಿಯಲ್ಲಾ? ಈ ಹೊತ್ನಲ್ಲಿ ಯಾವ್ದು ಬರುತ್ತೆ ಸಾರ್?" ಎಂದ ಕೆಂಪಹನುಮಯ್ಯ.

ಇವರು ನನ್ನ ಬೆರಳು ಹಿಡಿದು ಪೆಟ್ಟಿಗೆಯ ಕೆಂಪು ಗುಂಡಿಯ ಮೇಲಿಟ್ಟರು. "ಸುಗುಣ, ಒತ್ತಿ ಹಿಡ್ಕೋ. ಬಿಟ್ರೆ ಎಲ್ಲಾ ಅಳಿಸಿ ಹೋಗುತ್ತೆ!"

"ನಾನು ಹೋಗ್ಬೇಕು ರೀ. ಅಕ್ಷತೆ ಹಂಚ್ತಾ ಇದಾರೆ!"

"ಎರಡೇ ನಿಮಿಷ!"

ಈ ವೈರಿನಲ್ಲಿ ಕ್ಯಾಮೆರಾಗಳು ಅಪ್ಪಣೆ ಕೇಳಿಸಿಕೊಳ್ಳುವ ವೇಗ 9600, ಪೆಟ್ಟಿಗೆಯದೂ ಅಷ್ಟೇ ಇರಬೇಕು ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ಓದಿ ಹೇಳಿದೆ. ಇವರು 19200 ಒತ್ತಿದರು. "ಮುಹೂರ್ತ ಹತ್ತಿರ ಬಂತಲ್ಲ, ಹೇಳಿದ್ದು ಬೇಗ ತಲುಪ್ಲಿ!"

ತಲುಪಿದ್ದೇನೋ ನಿಜ, ಕ್ಯಾಮೆರಾಗಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಒಂದು ಫ್ಯಾನಿನ ಕಡೆ ಕತ್ತೆತ್ತಿತು. ಇನ್ನೊಂದು ಪುರೋಹಿತರ ಬೋಳುತಲೆ ಬಿಟ್ಟು ಕದಲಲಿಲ್ಲ. ಮೂರನೆಯದು ದೆವ್ವ ಹಿಡಿದಂತೆ ಗಿರಗಿರ ತಿರುಗಿತು. ನೆಟ್ಟಗಿದ್ದದ್ದು ಪೆಟ್ಟಿಗೆಗೇ ಸಿಕ್ಕಿಸಿದ್ದ ನಾಲ್ಕನೆಯದು ಮಾತ್ರ, ಅದೂ ನಮ್ಮಿಬ್ಬರ ಮುಖಕ್ಕೆ ನೇರವಾಗಿ.

"ಬಿಡ್ರೀ ನನ್ನ! ನಳಿನಿ ಕಾಯ್ತಾ ಇರ್ತಾಳೆ!"

"ಇನ್ನೊಂದೇ ನಿಮಿಷ ಕಣೇ!"

"ಹದಿನೆಂಟು ವರ್ಷದಿಂದ ನಿಮ್ಮ ಗುಂಡಿ ಒತ್ತಿ ಹಿಡ್ಕೊಂಡೇ ಇದೀನಿ! ನನ್ನ ಸೀಮಂತದ ದಿನ ಫ್ಯೂಸ್ ಹಿಡ್ಕೊಂಡು ನಿಂತಿದ್ದೆ! ಇವತ್ತಾದ್ರೂ ಬಿಡ್ರೀ!" ಎಂದು ಕಿರುಚಿದೆ. ಕಣ್ಣಲ್ಲಿ ನೀರು ಧಾರಾಕಾರ.

ಚತುರ್ಮುಖ ಅಳೆಯಿತು. ಇಷ್ಟು ಭಾವನೆ ಅದಕ್ಕೆ ಇಡೀ ಮಂಟಪದಲ್ಲಿ ಸಿಕ್ಕಿರಲಿಲ್ಲ.

ವೇದಿಕೆಯ ಮುಂದೆ ನೆಂಟರು ಗೋಡೆಯಂತೆ ನಿಂತಿದ್ದರಿಂದ ಜನ ಅಕ್ಷತೆ ಹಿಡಿದು ಪರದೆಯನ್ನೇ ನಂಬಿ ಕುಳಿತಿದ್ದರು. "ಗಟ್ಟಿಮೇಳ! ಗಟ್ಟಿಮೇಳ!" ಎಂಬ ಕೂಗಿಗೆ ಸರಿಯಾಗಿ ಹನ್ನೆರಡು ಅಡಿ ಎತ್ತರಕ್ಕೆ ನಾವಿಬ್ಬರೂ ಮೂಡಿದೆವು. ಎಂಟು ನೂರು ಜನ ಹಿಂದಕ್ಕೆ ತಿರುಗಿ ನಮ್ಮನ್ನು ಹುಡುಕಿ, ಮನಸಾರೆ ಅಕ್ಷತೆ ಎರಚಿದರು! ಒಬ್ಬಜ್ಜಿ ಬಂದು "ನೂರು ಕಾಲ ಬಾಳ್ರಪ್ಪ" ಎಂದು ಇಬ್ಬರ ತಲೆಯನ್ನೂ ಮುಟ್ಟಿದಳು.

ನೆಂಟರ ಭುಜಗಳ ಸಂದಿಯಲ್ಲಿ ನಳಿನಿ ಕಂಡಳು. ಕೊರಳಲ್ಲಿ ಆಗಲೇ ತಾಳಿ. ಅವಳು ತನ್ನ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದಳು. ಗುಂಡಿ ಬಿಟ್ಟೆ. ಏನೂ ಅಳಿಸಿ ಹೋಗಲಿಲ್ಲ.

ನಮ್ಮವರು ಮೀಸೆಯ ಮೇಲಿನ ಅಕ್ಕಿ ಕೊಡವಿಕೊಂಡು ಹಿರಿಹಿರಿ ಹಿಗ್ಗಿದರು. "ನೋಡ್ದೆಯೇನೇ? ಸೆಕೆಂಡೂ ಆಚೀಚೆ ಆಗ್ಲಿಲ್ಲ!"

ಈ ಮನುಷ್ಯನನ್ನು ನಾನೀಗ ಎರಡು ಸಲ ಮದುವೆಯಾದ ಹಾಗಾಯಿತು. ಮೊದಲನೆಯ ಸಲ ಒಪ್ಪಿಗೆಯೇ ಎಂದು ನನ್ನನ್ನು ಒಂದು ಮಾತಾದರೂ ಕೇಳಿದ್ದರು.